ಎರವಲು ತಂದ ಅಧಿಕಾರ

ಮನುಷ್ಯನಿಗೆ ಬರುವ ವ್ಯಾಧಿಗಳಲ್ಲಿ ಬಹುಪಾಲು ಅವನ ದೇಹದ ಯಾವುದೋ ಒಂದು ಅಂಗವನ್ನು ಹಿಡಿದು ಪೀಡಿಸುತ್ತವೆಯೇ ಹೊರತು, ಆ ಪೀಡೆಗೆ ಏನು ಮಾಡಬೇಕು, ಯಾರಲ್ಲಿಗೆ ಹೋಗಬೇಕು, ಯಾವ ಮದ್ದನ್ನು ಒಪ್ಪಬೇಕು, ಯಾವುದನ್ನು ಒಲ್ಲೆನೆನ್ನಬೇಕು ಎಂಬ ಅವನ ವಿವೇಚನೆಯನ್ನು ಮುಟ್ಟುವುದಿಲ್ಲ. ಕಾಲು ಮುರಿದವನು ನೋವಿನಿಂದ ಕೂಗುತ್ತಿದ್ದರೂ, ಕಾಲು ಮುರಿದಿದೆಯೆಂಬುದನ್ನು ಬಲ್ಲ. ಕಟ್ಟು ಹಾಕಲೇ ಎಂದು ಕೇಳಿದರೆ ಹೌದೆಂದೋ ಅಲ್ಲವೆಂದೋ ಹೇಳಬಲ್ಲ. ರೋಗಿಯ ಒಪ್ಪಿಗೆಯಿಲ್ಲದೆ ವೈದ್ಯನು ಅವನ ಮೈಯನ್ನು ಮುಟ್ಟತಕ್ಕದ್ದಲ್ಲ ಎಂಬ ಆಧುನಿಕ ವೈದ್ಯನೀತಿಯೆಲ್ಲವೂ ಈ ಒಂದು ಗ್ರಹಿಕೆಯ ಮೇಲೆ ನಿಂತಿದೆ. ಸ್ಕಿಜೋಫ್ರೀನಿಯಾ ಎಂಬ ಕಾಯಿಲೆಯು ಮಾತ್ರ ಕೈಯಿಟ್ಟು ಅಲುಗಿಸುವುದು ಆ ಅಡಿಗಲ್ಲನ್ನೇ. ಯಾವ ಬುದ್ಧಿಯಿಂದ ರೋಗಿಯು ತನ್ನ ರೋಗವನ್ನು ಗುರುತಿಸಿ ಚಿಕಿತ್ಸೆಗೆ ಸಮ್ಮತಿಸಬೇಕೋ ಆ ಬುದ್ಧಿಯೇ ಇಲ್ಲಿ ರೋಗಗ್ರಸ್ತವಾಗಿರುತ್ತದೆ. ಆದರೂ, ಈ ವಿಷಯದ ಕಷ್ಟವೆಲ್ಲ ಅಡಗಿರುವುದು ಮುಂದಿನ ಮಾತಿನಲ್ಲಿಯೇ: ಆ ಬುದ್ಧಿಯು ಪೂರ್ತಿಯಾಗಿ ನಾಶವಾಗಿರುವುದಿಲ್ಲ, ಸದಾಕಾಲವೂ ಮರೆಯಾಗಿರುವುದಿಲ್ಲ.

ಈ ರೋಗವು ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನವರೆಗಿನ ವಯಸ್ಸಿನಲ್ಲಿ ತಲೆಯೆತ್ತುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ನಡುವಿನ ಎರೆಭೂಮಿಯಲ್ಲಿ ತೊಗರಿ ಬೆಳೆದು ಬದುಕುವ ತೆಂಗಳಿಯಂತಹ ಊರುಗಳಲ್ಲಿ ಅದು, ಮಗನು ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆ ಸೇರಿದ ವರ್ಷವೋ, ಶಹಾಬಾದದ ಕಲ್ಲಿನ ಗಣಿಗೆ ಹೋಗತೊಡಗಿದ ವರ್ಷವೋ, ಇಲ್ಲವೇ ಪುಣೆ, ಮುಂಬಯಿಗಳಿಗೆ ದುಡಿಯಲೆಂದು ರೈಲು ಹತ್ತಿದ ಮರುವರ್ಷವೋ ಬರುವ ಕಾಯಿಲೆ. ಮೊದಲು ಆತನು ಗೆಳೆಯರಿಂದ ದೂರವಾಗುತ್ತಾನೆ, ರಾತ್ರಿ ನಿದ್ರೆ ಮಾಡುವುದಿಲ್ಲ, ಸ್ನಾನ ಬಿಡುತ್ತಾನೆ, ತನ್ನೊಳಗೆ ತಾನೇ ಮಾತನಾಡಿ ನಗುತ್ತಾನೆ. ಆಮೇಲೆ, ಯಾರೂ ಇಲ್ಲದೆಡೆಯಿಂದ ಮಾತುಗಳು ಕೇಳಿಸುತ್ತವೆ. ಓಣಿಯವರೆಲ್ಲ ತನ್ನನ್ನೇ ಕುರಿತು ಆಡಿಕೊಳ್ಳುತ್ತಿದ್ದಾರೆ ಎನಿಸುತ್ತದೆ. ಅನ್ನದಲ್ಲಿ ಯಾರೋ ಏನನ್ನೋ ಬೆರೆಸುತ್ತಿದ್ದಾರೆ ಎಂಬ ಸಂಶಯ ಹುಟ್ಟಿ, ಅದು ಯಾವ ಸಮಾಧಾನಕ್ಕೂ ಬಗ್ಗದ ನಿಶ್ಚಯವಾಗಿ ಬೆಳೆಯುತ್ತದೆ. ಮನೆಯವರು ಇದಕ್ಕೆ ‘ತಲಿ ಕೆಟ್ಟದ’ ಎನ್ನುತ್ತಾರೆ, ‘ಹೊರಗಿಂದು ಆಗ್ಯಾದ’ ಎನ್ನುತ್ತಾರೆ, ಸಂಬಂಧಿಕರೊಳಗೆ ಹೊಲದ ವ್ಯಾಜ್ಯವಿದ್ದರೆ ‘ಯಾರೋ ಮಾಡಿಸ್ಯಾರ’ ಎಂದೂ ಹೇಳುತ್ತಾರೆ. ನೂರು ಜನರಲ್ಲಿ ಸುಮಾರು ಒಬ್ಬರು ಜೀವಿತದ ಯಾವುದೋ ಹಂತದಲ್ಲಿ ಇಂತಹ ತೀವ್ರ ಮನೋರೋಗಕ್ಕೆ ಒಳಗಾಗುತ್ತಾರೆಂದು ವೈದ್ಯರು ಲೆಕ್ಕ ಹಾಕಿರುವುದನ್ನು ನೆನೆದರೆ, ಒಂದು ದೊಡ್ಡ ಊರಿನ ಒಂದೊಂದು ಓಣಿಯಲ್ಲಿಯೂ ಇಂತಹ ಮನೆಯೊಂದು ಇರುವುದು ಅಸಂಭವವಲ್ಲ.

ಇಂತಹ ಮನೆಯವರು ಮೊದಲು ಹಿಡಿಯುವ ದಾರಿ ಆಸ್ಪತ್ರೆಯದಲ್ಲ. ಕಲಬುರಗಿ ಜಿಲ್ಲೆಯವರಿಗೆ ಅದು ಬಹಳ ಸಲ ಅಫಜಲಪುರ ತಾಲೂಕಿನ ಗಾಣಗಾಪುರದ ದಾರಿ. ಭೀಮಾ ಮತ್ತು ಅಮರಜಾ ನದಿಗಳು ಕೂಡುವ ಆ ಕ್ಷೇತ್ರದಲ್ಲಿ, ಶ್ರೀ ನರಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳ ಎದುರಿಗೆ ಮಹಾಮಂಗಳಾರತಿಯ ಗಂಟೆ, ನಗಾರಿಗಳು ಮೊಳಗತೊಡಗಿದೊಡನೆ, ಅದುವರೆಗೆ ಗುಂಪಿನಲ್ಲಿ ತಲೆತಗ್ಗಿಸಿ ಕುಳಿತಿದ್ದ ಹೆಂಗಸೊಬ್ಬಳು ತಲೆಗೂದಲನ್ನು ಕೆದರಿಕೊಂಡು ಚೀರುತ್ತಾಳೆ. ಮತ್ತೊಬ್ಬನು ಸರಳುಗಳನ್ನು ಹಿಡಿದು ಮೇಲೇರಿ, ‘ಬಿಡ್ತೀನಿ, ಬಿಡ್ತೀನಿ’ ಎಂದು ಬೇರೆಯೇ ದನಿಯಲ್ಲಿ ಕೂಗುತ್ತಾನೆ. ಆರತಿ ಮುಗಿದ ಕೆಲವು ನಿಮಿಷಗಳಲ್ಲಿ ಇಬ್ಬರೂ ಬಳಲಿ ನೆಲಕ್ಕೊರಗುತ್ತಾರೆ, ತಾಯಂದಿರು ಸೆರಗಿನಿಂದ ಅವರ ಮುಖ ಒರೆಸುತ್ತಾರೆ. ಹಾಗೆ ಬಂದವರಲ್ಲಿ ಎಲ್ಲರೂ ಸ್ಕಿಜೋಫ್ರೀನಿಯಾದವರಲ್ಲ. ಮನೆಯ ದುಃಖವನ್ನು ಬಾಯಿಬಿಟ್ಟು ಹೇಳಲು ಮತ್ತೊಂದು ದಾರಿಯಿಲ್ಲದವರು ಎಷ್ಟೋ ಜನರುಂಟು. ಕಲಬುರಗಿಯ ಖ್ವಾಜಾ ಬಂದೇನವಾಜರ ದರ್ಗಾಕ್ಕೂ ಹೀಗೆಯೇ ಜಾತಿಮತಗಳ ಭೇದವಿಲ್ಲದೆ ಜನರು ತಮ್ಮವರನ್ನು ಕರೆದೊಯ್ಯುತ್ತಾರೆ.

ವಿದ್ಯಾವಂತರು ಇದನ್ನು ಒಂದೇ ಮಾತಿನಲ್ಲಿ ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಗ್ರಾಮದೇಗುಲವೊಂದರಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ಕ್ರಮವಾಗಿ ಪರೀಕ್ಷಿಸಿ, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಬರಹವು ತಿಳಿಸುವುದೇನೆಂದರೆ, ಯಾವ ಔಷಧವೂ ವಿಶೇಷ ವಿಧಿಯೂ ಇಲ್ಲದೆ, ಕೆಲವು ವಾರ ಅಲ್ಲಿ ಇದ್ದಷ್ಟರಿಂದಲೇ ಅವರ ರೋಗಲಕ್ಷಣಗಳು ಸುಮಾರು ಐದರಲ್ಲೊಂದು ಪಾಲು ತಗ್ಗಿದ್ದವು. ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಎಲ್ಲರೊಡನೆ ಊಟಕ್ಕೆ ಕೂಡುವುದು, ಯಾರಿಂದಲೂ ‘ಹುಚ್ಚ’ ಎನಿಸಿಕೊಳ್ಳದೆ ಇರುವುದು ಇವುಗಳಿಗೂ ಗುಣವುಂಟು. ಆದರೆ ದೇವಸ್ಥಾನದ ನೆರಳಿಗೂ ಸರಪಣಿಯ ಬಾಧೆಗೂ ನಡುವೆ ಇರುವ ಗೆರೆಯನ್ನು ಮರೆಯಕೂಡದು. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪದ ಖಾಸಗಿ ‘ಮಾನಸಿಕ ನಿಲಯ’ವೊಂದರ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಣಿಯಿಂದ ಬಿಗಿದಿದ್ದುದರಿಂದ ಓಡಲಾರದೆ 28 ಮಂದಿ ಸತ್ತರು. ಕರ್ನಾಟಕದ ಶಾಸನಸಭೆಯು 2017ರಲ್ಲಿ ಅಂಗೀಕರಿಸಿ 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟಪದ್ಧತಿ ಮತ್ತು ವಾಮಾಚಾರ ನಿರ್ಮೂಲನ ಕಾಯಿದೆಯು, ದೆವ್ವ ಬಿಡಿಸುವ ನೆಪದಲ್ಲಿ ಕಟ್ಟುವುದನ್ನೂ, ಹೊಡೆಯುವುದನ್ನೂ, ಮೆಣಸಿನ ಹೊಗೆ ಹಾಕುವುದನ್ನೂ ಅಪರಾಧವೆಂದು ಸಾರಿದೆ. ಪೂಜೆಯನ್ನಾಗಲಿ ಹರಕೆಯನ್ನಾಗಲಿ ಅದು ತಡೆಯುವುದಿಲ್ಲ.

ಈಗ ರೋಗನಿರ್ಣಯದ ಪ್ರಶ್ನೆಗೆ ಬರೋಣ. ಸ್ಕಿಜೋಫ್ರೀನಿಯಾವನ್ನು ಹಿಡಿದು ತೋರಿಸುವ ರಕ್ತಪರೀಕ್ಷೆಯಿಲ್ಲ, ಚಿತ್ರ ತೆಗೆಯುವ ಯಂತ್ರವಿಲ್ಲ. ರೋಗಿಯ ಮಾತು, ನಡತೆ, ಮನೆಯವರು ಕೊಡುವ ವೃತ್ತಾಂತ, ಇವುಗಳ ಆಧಾರದ ಮೇಲೆ ವೈದ್ಯನು ನಿರ್ಣಯಿಸಬೇಕು. ಆದುದರಿಂದ ನಿರ್ಣಯದೊಳಗೇ ನೀತಿಯ ಪ್ರಶ್ನೆ ಕುಳಿತಿದೆ: ಯಾವ ಮಾತು ಹುಚ್ಚು, ಯಾವುದು ಭಕ್ತಿ, ಯಾವುದು ಬರಿಯ ಅವಿಧೇಯತೆ? ಎಲ್ಲಮ್ಮ ಮೈಮೇಲೆ ಬರುವ ಹೆಂಗಸು ಮಂಗಳವಾರ ದೇವಿಯ ದನಿಯಲ್ಲಿ ಮಾತನಾಡಿ ಬುಧವಾರ ಎಂದಿನಂತೆ ಕಳೆ ಕೀಳಲು ಹೊಲಕ್ಕೆ ಹೋಗುತ್ತಾಳೆ. ಅವಳ ಸಮಾಜವು ಆ ದನಿಯನ್ನು ಅರ್ಥಮಾಡಿಕೊಳ್ಳುತ್ತದೆ, ಅವಳ ಬಾಳು ಅದರಿಂದ ಕುಸಿಯುವುದಿಲ್ಲ. ಅದಕ್ಕೆ ರೋಗವೆನ್ನಲಾಗದು. ರೋಗಿಗೆ ಕೇಳಿಸುವ ದನಿಯಾದರೋ ಅವನನ್ನು ಹಗಲಿರುಳು ಬೈಯುತ್ತದೆ, ಯಾರ ಕರೆಗೂ ನಿಲ್ಲದು, ಅವನ ಊಟ, ಕೆಲಸ, ಸ್ನೇಹಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತದೆ. ಲಕ್ಷಣಗಳು ತಿಂಗಳಾದರೂ ಮುಂದುವರಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವೂ, ಆರು ತಿಂಗಳಾದರೂ ವಿಕಾರ ಕಂಡಿರಬೇಕೆಂದು ಅಮೆರಿಕದ ಮನೋವೈದ್ಯರ ಕೈಪಿಡಿಯೂ ಹೇಳುವುದು, ಅವಸರದ ತೀರ್ಪಿಗೆ ಹಾಕಿದ ಕಡಿವಾಣ. ಹೊರರೋಗಿಗಳ ಸಾಲು ಬಾಗಿಲಾಚೆಗೆ ಹಬ್ಬಿರುವ ಜಿಲ್ಲಾ ಆಸ್ಪತ್ರೆಯಲ್ಲಿ, ಒಬ್ಬೊಬ್ಬರಿಗೆ ಕೆಲವೇ ನಿಮಿಷ ಸಿಕ್ಕುವ ವೈದ್ಯನಿಗೆ, ಅದೂ ರೋಗಿಯಾಡುವ ಕಲಬುರಗಿಯ ಕನ್ನಡವೋ ದಖನಿ ಉರ್ದುವೋ ತೆಲುಗೋ ಸರಿಯಾಗಿ ತಿಳಿಯದವನಿಗೆ, ಈ ಕಡಿವಾಣವನ್ನು ಹಿಡಿದು ನಡೆಯುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು.

ತಪ್ಪು ನಿರ್ಣಯದ ಭಯವು ಕಲ್ಪಿತವಾದುದಲ್ಲ. ಸೋವಿಯತ್ ರಷ್ಯಾದಲ್ಲಿ ಸರಕಾರವನ್ನು ವಿರೋಧಿಸಿದವರಿಗೆ ‘ಮಂದಗತಿಯ ಸ್ಕಿಜೋಫ್ರೀನಿಯಾ’ ಎಂಬ ಹಣೆಪಟ್ಟಿ ಹಚ್ಚಿ ಆಸ್ಪತ್ರೆಗಳಲ್ಲಿ ಕೂಡಿಹಾಕಿದರು. ನಮ್ಮ ಕಡೆ ಅಷ್ಟು ದೊಡ್ಡ ರಾಜಕಾರಣ ಬೇಕಾಗಿಲ್ಲ. ಪಾಲಿಗೆ ಬರಬೇಕಾದ ಎರಡು ಎಕರೆ ಹೊಲದ ಪಹಣಿಯಿಂದ ಒಬ್ಬನ ಹೆಸರನ್ನು ಕೈಬಿಡಲು, ಬೇಡದ ಸೊಸೆಯನ್ನು ತವರಿಗೆ ಅಟ್ಟಲು, ‘ಅವಂಗ ತಲಿ ಸರಿ ಇಲ್ಲ’ ಎಂಬ ಮಾತೊಂದು ಸಾಕಾಗುತ್ತದೆ, ಆ ಮಾತಿಗೆ ಆಸ್ಪತ್ರೆಯ ಚೀಟಿಯೊಂದು ಸೇರಿತೆಂದರೆ ಮುಗಿಯಿತು. ಇದನ್ನರಿತೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಮೂರನೆಯ ಪ್ರಕರಣವು, ಯಾರ ಮನೋರೋಗವನ್ನಾಗಲಿ ಅವರ ಜಾತಿ, ಅಂತಸ್ತು, ರಾಜಕೀಯಗಳಿಂದಲೋ, ಊರಿನ ನಡಾವಳಿಗೆ ಅವರು ಹೊಂದಿಕೊಳ್ಳದಿರುವುದರಿಂದಲೋ ನಿರ್ಧರಿಸಕೂಡದೆಂದೂ, ಹಿಂದೊಮ್ಮೆ ಚಿಕಿತ್ಸೆ ಪಡೆದಿದ್ದನೆಂಬುದೇ ಈಗ ರೋಗಿಯೆಂಬುದಕ್ಕೆ ಸಾಕ್ಷಿಯಾಗದೆಂದೂ, ನ್ಯಾಯಾಲಯ ಹೇಳದ ಹೊರತು ರೋಗವಿದ್ದ ಮಾತ್ರಕ್ಕೆ ಒಬ್ಬನನ್ನು ಅಸ್ವಸ್ಥಚಿತ್ತನೆಂದು ಎಣಿಸಲಾಗದೆಂದೂ ವಿಧಿಸಿದೆ.

ಮದುವೆಯ ಮಾತು ಇನ್ನೂ ಸೂಕ್ಷ್ಮವಾದದ್ದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಆ ಗಾದೆಯ ಎರಡನೆಯ ಅರ್ಧವನ್ನು ಅಕ್ಷರಶಃ ನಂಬಿ, ಮಗನ ಗುಳಿಗೆಯ ಚೀಟಿಗಳನ್ನು ಪೆಟ್ಟಿಗೆಯ ತಳದಲ್ಲಿ ಅಡಗಿಸಿಟ್ಟು, ದೂರದ ಊರಿನ ಬಡಹುಡುಗಿಯೊಬ್ಬಳನ್ನು ತಂದು ಕೂಡಿಸುವ ತಂದೆತಾಯಿಗಳು ಈಗಲೂ ಇದ್ದಾರೆ. ಮದುವೆಯ ಗದ್ದಲದಲ್ಲಿ ಗುಳಿಗೆ ನಿಲ್ಲುತ್ತದೆ, ನಿದ್ರೆ ಕೆಡುತ್ತದೆ, ಕೆಲವೇ ವಾರಗಳಲ್ಲಿ ರೋಗ ಮರುಕಳಿಸುತ್ತದೆ. ಆಗ ಹೊಸದಾಗಿ ಬಂದ ಹುಡುಗಿಯ ಕಾಲ್ಗುಣವೇ ದೋಷಿಯಾಗುತ್ತದೆ. ರೋಗಿಯ ಗುಟ್ಟನ್ನು ಕಾಪಾಡುವುದು ವೈದ್ಯನ ಧರ್ಮ, ಕಾಯಿದೆಯೂ ಅದನ್ನೇ ವಿಧಿಸುತ್ತದೆ. ಆ ಹುಡುಗಿಗೆ ತಿಳಿಯುವ ಹಕ್ಕಿಲ್ಲವೆ? ಇಲ್ಲಿ ವೈದ್ಯನು ತಾನಾಗಿ ಹೋಗಿ ಬೀಗರಿಗೆ ಸುದ್ದಿ ಮುಟ್ಟಿಸಲಾರ. ಆದರೆ ರೋಗಿಯನ್ನು ಕೂಡಿಸಿಕೊಂಡು, ಹೇಳಿ ಮದುವೆಯಾಗು, ಹೇಳದೆ ಆದರೆ ನೀನೇ ಮೊದಲು ಬಳಲುವವನು ಎಂದು ಬುದ್ಧಿ ಹೇಳಲು ಯಾವ ಅಡ್ಡಿಯೂ ಇಲ್ಲ. ಗುಳಿಗೆ ನುಂಗುತ್ತ ಸಂಸಾರ ನಡೆಸುವ ಗಂಡಹೆಂಡಿರು ಅಪರೂಪವೇನೂ ಅಲ್ಲ. ಪತ್ನಿಗೆ ಸ್ಕಿಜೋಫ್ರೀನಿಯಾ ಇದೆಯೆಂದು ವಿಚ್ಛೇದನ ಬೇಡಿದ ಪತಿಯೊಬ್ಬನ ಮೊಕದ್ದಮೆಯಲ್ಲಿ, ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರಿದ್ದ ಸುಪ್ರೀಂ ಕೋರ್ಟಿನ ಪೀಠವು 1988ರಲ್ಲಿ, ರೋಗದ ಹೆಸರೊಂದರಿಂದಲೇ ದಾಂಪತ್ಯ ಮುರಿಯಲಾಗದು, ಕೂಡಿ ಬಾಳಲು ಸಾಧ್ಯವೇ ಇಲ್ಲದಷ್ಟು ಅದು ತೀವ್ರವಾಗಿದೆಯೇ ಎಂಬುದನ್ನು ತೂಗಿನೋಡಬೇಕು ಎಂದು ತೀರ್ಪಿತ್ತಿತು. ಹೆಸರಿಗಿಂತ ಮನುಷ್ಯನ ಸ್ಥಿತಿಯನ್ನು ನೋಡಬೇಕೆಂಬ ಆ ತೀರ್ಪು ವಿವಾಹದ ಕಾನೂನಿನಾಚೆಗೂ ನೆನಪಿಡತಕ್ಕದ್ದು.

ಇನ್ನು, ಈ ಲೇಖನವನ್ನು ಬರೆಯುವಂತೆ ನನ್ನನ್ನು ಪ್ರೇರಿಸಿದ ಪ್ರಶ್ನೆ. ತೆಂಗಳಿಯಂತಹ ಊರಿನ ಒಂದು ಅಡುಗೆಮನೆಯನ್ನು ಕಲ್ಪಿಸಿಕೊಳ್ಳಿ. ಒಲೆಯ ಮೇಲೆ ತೊಗರಿಬೇಳೆ ಕುದಿಯುತ್ತಿದೆ. ತಾಯಿ, ಬಾಗಿಲಿನ ಕಡೆಗೊಮ್ಮೆ ನೋಡಿ, ಸೆರಗಿನ ಗಂಟಿನಿಂದ ಗುಳಿಗೆಯೊಂದನ್ನು ತೆಗೆದು, ಚಮಚೆಯ ಬೆನ್ನಿನಿಂದ ಅರೆದು, ಮಗನ ಬಟ್ಟಲಿನ ಬೇಳೆಯಲ್ಲಿ ಕಲಸುತ್ತಾಳೆ. ಉಳಿದವರ ಬಟ್ಟಲುಗಳನ್ನು ಬೇರೆಯಾಗಿ ಸರಿಸಿಡುತ್ತಾಳೆ. ಮಗನು ರೊಟ್ಟಿ ಮುರಿದವನು ಕೈ ತಡೆದು ಕೇಳುತ್ತಾನೆ:

‘ಯವ್ವಾ, ಬ್ಯಾಳ್ಯಾಗ ಏನರ ಹಾಕಿದೇನು?’

‘ಏನ್ ಹಾಕ್ತೀನೋ ನನ್ನಪ್ಪ, ಉಪ್ಪು ಖಾರ ಬಿಟ್ರ? ಉಣ್ಣು, ಆರ್ತದ.’

ಈ ತಾಯಿಯನ್ನು ದೂಷಿಸಲು ನನ್ನ ನಾಲಗೆ ಏಳದು. ಮಗನು ಕೈಯಾರೆ ಗುಳಿಗೆ ಮುಟ್ಟನು. ಮುಟ್ಟದಿದ್ದರೆ ರಾತ್ರಿ ಬಾವಿಯ ಕಡೆ ನಡೆಯುತ್ತಾನೆ, ಇಲ್ಲವೇ ನೆರೆಯವನ ಮೇಲೆ ಕಲ್ಲೆತ್ತುತ್ತಾನೆ. ಊರಿನಿಂದ ಜಿಲ್ಲಾ ಆಸ್ಪತ್ರೆಗೆ ಒಯ್ಯಬೇಕಾದರೆ ನಾಲ್ವರು ಹಿಡಿದು ಜೀಪಿನಲ್ಲಿ ಕೂಡಿಸಬೇಕು. ಜೀಪಿನ ಬಾಡಿಗೆಗೆ ಸಾಲ ಮಾಡಬೇಕು. ಬಣ್ಣ, ರುಚಿಗಳಿಲ್ಲದ ಹನಿಯೌಷಧಗಳು ದೊರೆಯುತ್ತವೆಯಾದ್ದರಿಂದ ಊಟದಲ್ಲಿ ಬೆರೆಸುವುದು ಕಷ್ಟವೂ ಅಲ್ಲ. ಎಷ್ಟೋ ಮನೆಗಳಲ್ಲಿ ಹೀಗೆ ಕೊಟ್ಟ ಔಷಧದಿಂದಲೇ ಮಗನು ಕೆಲವು ವಾರಗಳಲ್ಲಿ ಶಾಂತನಾಗಿ, ತಾನಾಗಿಯೇ ವೈದ್ಯರ ಬಳಿ ಬಂದದ್ದೂ ಉಂಟು. ಆದರೂ ಈ ಉಪಾಯದ ಹೃದಯದಲ್ಲಿ ಒಂದು ಭೀಕರವಾದ ವಿಷಯವಿದೆ. ಅನ್ನದಲ್ಲಿ ಯಾರೋ ಏನನ್ನೋ ಬೆರೆಸುತ್ತಿದ್ದಾರೆ ಎಂಬುದು ಮಗನ ರೋಗದ ಭ್ರಮೆ. ತಾಯಿಯ ಕೈಯಿಂದ ಆ ಭ್ರಮೆಯು ನಿಜವಾಗಿಬಿಡುತ್ತದೆ. ಜಗತ್ತಿನಲ್ಲಿ ಅವನು ಕೊನೆಯದಾಗಿ ನಂಬಿದ್ದ ತಟ್ಟೆಯೂ ಸುಳ್ಳಾಯಿತು. ಒಂದಲ್ಲ ಒಂದು ದಿನ ಅವನಿಗೆ ಗೊತ್ತಾಗುತ್ತದೆ, ಒಂದೇ ಮನೆಯಲ್ಲಿ ಅಂತಹ ಗುಟ್ಟು ಬಹುಕಾಲ ನಿಲ್ಲದು. ಆಮೇಲೆ ಅವನು ತಾಯಿಯ ಕೈಯ ಊಟವನ್ನೇ ಬಿಟ್ಟು ದುಕಾನಿನ ಬಿಸ್ಕೀಟು ತಿಂದು ಬದುಕತೊಡಗಿದರೆ, ಅವನ ಸಂಶಯವನ್ನು ರೋಗವೆಂದು ಹೇಳುವ ಹಕ್ಕು ನಮಗೆ ಉಳಿದಿರುತ್ತದೆಯೇ? ದೇಹದ ಅಪಾಯವೂ ಇದೆ. ತನಗೆ ಔಷಧ ಹೋಗುತ್ತಿದೆಯೆಂದೇ ಅರಿಯದವನು, ಕತ್ತು ಸೆಟೆದುಕೊಂಡಾಗ, ನಾಲಗೆ ಹೊರಳದಾದಾಗ, ಅದು ಔಷಧದ ಪರಿಣಾಮವೆಂದು ಯಾರಿಗೆ ಹೇಳಬೇಕು?

ನಮ್ಮ ಕಾಯಿದೆಯಲ್ಲಿ ಹೀಗೆ ಗುಟ್ಟಾಗಿ ಔಷಧ ಬೆರೆಸಲು ಒಪ್ಪಿಗೆಯಿತ್ತ ವಿಧಿಯಿಲ್ಲ. ಒಪ್ಪಿಗೆ ನೀಡಲಾರದವನಿಗೆ ಅದು ಬೇರೆ ದಾರಿಯನ್ನು ತೆರೆದಿದೆ. 1912ರ ‘ಲ್ಯೂನಸಿ’ ಕಾನೂನಿನಲ್ಲಿ ರೋಗಿಯು ಕಾವಲಿಗೆ ಒಪ್ಪಿಸತಕ್ಕ ವಸ್ತುವಿನಂತಿದ್ದನು. 1987ರ ಕಾಯಿದೆಯಲ್ಲಿ ಸ್ವಲ್ಪ ಮನುಷ್ಯನಾದನು. 2018ರ ಮೇ 29ರಿಂದ ಜಾರಿಗೆ ಬಂದಿರುವ ಈಗಿನ, 2017ರ ಕಾಯಿದೆಯಲ್ಲಿ ಮೊದಲ ಬಾರಿಗೆ ಹಕ್ಕುದಾರನಾಗಿ ನಿಂತಿದ್ದಾನೆ. ವಿಷಯವನ್ನು ಗ್ರಹಿಸಬಲ್ಲವನೋ, ಒಪ್ಪಿದರೆ ಏನಾದೀತು ಒಪ್ಪದಿದ್ದರೆ ಏನಾದೀತು ಎಂದು ತಿಳಿಯಬಲ್ಲವನೋ, ತನ್ನ ನಿರ್ಧಾರವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಬಲ್ಲವನೋ ಅವನು ಸಮರ್ಥನು; ಅವನ ನಿರ್ಧಾರ ಉಳಿದವರ ಕಣ್ಣಿಗೆ ತಪ್ಪೆಂದು ತೋರಿದ ಮಾತ್ರಕ್ಕೆ ಅಸಮರ್ಥನಾಗನು. ತನ್ನ ಪರವಾಗಿ ಮಾತನಾಡಲು ನಾಮನಿರ್ದೇಶಿತ ಪ್ರತಿನಿಧಿಯನ್ನು ಆತನೇ ಆರಿಸಿಕೊಳ್ಳಬಹುದು. ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿ, ಆತನಿಗಾಗಲಿ ಇತರರಿಗಾಗಲಿ ಅಪಾಯವಿದೆ, ಇಲ್ಲವೆ ತನ್ನನ್ನು ತಾನು ನೋಡಿಕೊಳ್ಳಲಾರದಷ್ಟು ಕುಸಿದಿದ್ದಾನೆ ಎಂದು ಕಂಡುಕೊಂಡರೆ, ಪ್ರತಿನಿಧಿಯ ಬೇಡಿಕೆಯ ಮೇಲೆ ಮೂವತ್ತು ದಿನಗಳವರೆಗೆ ಆಸ್ಪತ್ರೆಯಲ್ಲಿಟ್ಟುಕೊಳ್ಳಬಹುದು. ಈ ಮೂವತ್ತು ದಿನಗಳಲ್ಲಿಯೂ ಏಳು ದಿನಕ್ಕೊಮ್ಮೆ ಅವನ ಸಾಮರ್ಥ್ಯವನ್ನು ಮತ್ತೆ ಪರೀಕ್ಷಿಸಬೇಕೆಂಬ ನಿಯಮವನ್ನು ಓದಿದಾಗ, ಕಾಯಿದೆಯ ಒಣ ಭಾಷೆಯಲ್ಲಿ ಒಂದು ದೊಡ್ಡ ನೀತಿಯು ಅಡಗಿರುವಂತೆ ನನಗೆ ಕಂಡಿತು. ಬಿತ್ತನೆಯ ಹೊತ್ತಿಗೆ ನೆರೆಯವನಿಂದ ಎರವಲು ತಂದ ಕೂರಿಗೆಯನ್ನು ಬಿತ್ತನೆ ಮುಗಿದ ಕೂಡಲೇ ಅವನ ಅಂಗಳದಲ್ಲಿ ಇಟ್ಟು ಬರುವಂತೆ, ರೋಗಿಯ ಪರವಾಗಿ ನಿರ್ಧರಿಸುವ ಅಧಿಕಾರವನ್ನು ತೆಗೆದುಕೊಂಡವರು ಅದನ್ನು ಅವನಿಗೆ ಹಿಂದಿರುಗಿಸಲೇಬೇಕು. ತಾಯಿಯ ಗುಳಿಗೆಯಲ್ಲಿ ಇಲ್ಲದ್ದು ಇದೇ: ಅಲ್ಲಿ ಮರಳಿ ಕೇಳುವ ದಿನ ಎಂದೂ ಬರುವುದಿಲ್ಲ. ಮಗನು ಗುಣಮುಖನಾದರೂ ಗುಟ್ಟು ಮುಂದುವರಿಯುತ್ತದೆ, ಏಕೆಂದರೆ ಹೇಳಿದರೆ ನಿಲ್ಲಿಸಿಯಾನೆಂಬ ಭಯ. ತೀರ ಅನಿವಾರ್ಯವಾಗಿ ಹಾಗೆ ಕೊಡಬೇಕಾಗಿ ಬಂದವರು, ವೈದ್ಯರಿಗೆ ತಿಳಿಸಿಯೇ ಕೊಟ್ಟು, ಮಗನ ಮನಸ್ಸು ತಿಳಿಯಾದ ಮೊದಲ ದಿನಗಳಲ್ಲಿಯೇ ವೈದ್ಯರ ಎದುರಿಗೆ ಅವನಿಗೆ ಹೇಳಿ ಕ್ಷಮೆ ಕೇಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಕೆಲವರು ಸಿಟ್ಟಾದಾರು, ಆ ಸಿಟ್ಟು ಅವರ ಹಕ್ಕು.

ರೋಗಿಯ ಹಿತಕ್ಕಾಗಿಯೇ ಎಂಬ ಮಾತು ಎಲ್ಲಿಯವರೆಗೆ ಒಯ್ಯಬಲ್ಲುದೆಂಬುದಕ್ಕೆ ನಮ್ಮ ಚರಿತ್ರೆಯಲ್ಲಿಯೇ ನಿದರ್ಶನವುಂಟು. ಬೆಂಗಳೂರಿನ ಮೈಸೂರು ಸರಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದು, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರೂ ಆದ ಡಾ. ಎಂ. ವಿ. ಗೋವಿಂದಸ್ವಾಮಿಯವರು ವಿದ್ವಾಂಸರು, ರೋಗಿಗಳ ವಿಷಯದಲ್ಲಿ ನಿಜವಾದ ಕರುಣೆಯುಳ್ಳವರು. 1940ರ ದಶಕದಲ್ಲಿ, ಬೇರೆ ಯಾವ ಮದ್ದೂ ಇಲ್ಲದ ಆ ಕಾಲದಲ್ಲಿ, ಅವರ ಆಸ್ಪತ್ರೆಯ ರೋಗಿಗಳಿಗೆ ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆ ನಡೆಯಿತು. ಅದರ ವರದಿಯು 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಶಸ್ತ್ರಕ್ರಿಯೆಯನ್ನು ಕಂಡುಹಿಡಿದ ಪೋರ್ಚುಗಲ್ಲಿನ ವೈದ್ಯನಿಗೆ 1949ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಗುಳಿಗೆಯ ಗುಣ ತಿಳಿದ ಮೇಲೆ ಲೋಕವು ಆ ಕತ್ತಿಯನ್ನು ಕೆಳಗಿಟ್ಟಿತು. ಕತ್ತರಿಸಿದ್ದನ್ನು ಮಾತ್ರ ಮತ್ತೆ ಜೋಡಿಸಲಾಗಲಿಲ್ಲ. ಒಳ್ಳೆಯವರು, ಒಳ್ಳೆಯ ಉದ್ದೇಶದಿಂದ, ಅಂದಿನ ಶ್ರೇಷ್ಠ ವಿಜ್ಞಾನವನ್ನು ನಂಬಿ ಮಾಡಿದ ಕೆಲಸವದು. ಇಂದಿನ ಔಷಧಗಳು ಅದಕ್ಕೆ ಹೋಲಿಸಲಾಗದಷ್ಟು ಸೌಮ್ಯವಾದುವು. ಆದರೂ ಅವುಗಳಿಂದ ಕೈ ನಡುಗಿ ಕುಡುಗೋಲು ನಿಲ್ಲದಾಗಬಹುದು, ಬಾಯಿಂದ ಜೊಲ್ಲು ಸುರಿಯಬಹುದು, ಮೈತೂಕ ಏರಿ ಸಕ್ಕರೆ ಕಾಯಿಲೆ ಬರಬಹುದು. ಕ್ಲೋಝಪೀನ್ ತೆಗೆದುಕೊಳ್ಳುವವರು ಮೊದಲ ತಿಂಗಳುಗಳಲ್ಲಿ ವಾರವಾರವೂ ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ. ಕೆಲವು ಔಷಧಗಳಿಂದ ಹೆಂಗಸರಿಗೆ ಮುಟ್ಟು ನಿಲ್ಲುತ್ತದೆ. ಮದುವೆಯಾಗದ ಹುಡುಗಿಗೆ ಹಾಗಾದರೆ ಊರಿನಲ್ಲಿ ಯಾವ ಮಾತು ಏಳುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಚೆಯೇ ಒಂದು ಮಾತು ಹೇಳಿದ್ದರೆ ಅವಳು ವೈದ್ಯರಿಗೆ ತಿಳಿಸಿ ಗುಳಿಗೆ ಬದಲಿಸಿಕೊಳ್ಳುತ್ತಿದ್ದಳು. ಹೇಳದಿದ್ದುದರಿಂದ ಗುಳಿಗೆಯನ್ನೇ ಗುಂಡಿಗೆ ಎಸೆಯುತ್ತಾಳೆ. ಅದನ್ನು ‘ಅಜ್ಞಾನಿ, ಔಷಧ ತೆಗೆದುಕೊಳ್ಳುವುದಿಲ್ಲ’ ಎಂದು ಚೀಟಿಯಲ್ಲಿ ಬರೆಯುವುದು ಅನ್ಯಾಯ.

ಇದೆಲ್ಲವನ್ನು ಓದಿ, ಹಾಗಾದರೆ ಚಿಕಿತ್ಸೆಯೇ ಬೇಡವೆಂದು ಯಾರಾದರೂ ಬಗೆದರೆ ಅದು ಇನ್ನೂ ದೊಡ್ಡ ಅನ್ಯಾಯವಾದೀತು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್‌ನ ವೈದ್ಯರು ಹಳ್ಳಿಹಳ್ಳಿಗೂ ಹೋಗಿ, ಸ್ಕಿಜೋಫ್ರೀನಿಯಾ ಇದ್ದೂ ಚಿಕಿತ್ಸೆ ಕಾಣದವರನ್ನು ಹುಡುಕಿ, ಮದ್ದು ಕೊಟ್ಟು, ವರ್ಷಗಳ ಕಾಲ ಅವರ ಜೊತೆಯಲ್ಲಿ ನಡೆದು ಕಂಡುಕೊಂಡದ್ದು, ಚಿಕಿತ್ಸೆ ಸಿಕ್ಕವರಲ್ಲಿ ಅಂಗವಿಕಲತೆ ಗಣನೀಯವಾಗಿ ತಗ್ಗುತ್ತದೆ ಎಂಬುದನ್ನು. ಒಲ್ಲೆನೆಂದವನ ಹಕ್ಕಿನ ವಿಷಯವಾಗಿ ನಾವು ಎಷ್ಟು ಚರ್ಚಿಸಿದರೂ, ನಮ್ಮ ನಾಡಿನಲ್ಲಿ ಹೆಚ್ಚಿನವರು ಚಿಕಿತ್ಸೆ ಪಡೆಯದಿರುವುದು ಒಲ್ಲೆನೆಂದಲ್ಲ, ಅದು ಅವರ ಊರಿಗೆ ಬಂದಿಲ್ಲವಾದ್ದರಿಂದ. ಧಾರವಾಡದ ಮಾನಸಿಕ ಆಸ್ಪತ್ರೆಯು 1845ರಷ್ಟು ಹಳೆಯದು. ನಿಮ್ಹಾನ್ಸ್ ದೇಶಕ್ಕೇ ಹಿರಿಯದು. ಎರಡೂ ಸೇಡಂ, ಚಿತ್ತಾಪುರಗಳ ಕಡೆಯ ಕಾಗಿಣಾ ನದಿಯ ತೀರದವರಿಗೆ ಬಲು ದೂರ. ಈ ದೂರವನ್ನು ಕಡಿಮೆ ಮಾಡಬೇಕೆಂದೇ 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗಗಳ ತರಬೇತಿ ಕೊಟ್ಟರು; ಆ ಬಳ್ಳಾರಿಯ ಮಾದರಿಯೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ಕರ್ನಾಟಕ ಸರಕಾರ ಆರಂಭಿಸಿತು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ಸಿಗುವ ‘ಟೆಲಿ ಮಾನಸ್’ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ತಾಲೂಕು ಆಸ್ಪತ್ರೆಯಲ್ಲಿ ಗುಳಿಗೆ ಸಿಕ್ಕುವಂತಾದರೆ ತಾಯಿಯು ಬೇಳೆಯಲ್ಲಿ ಬೆರೆಸುವ ಪ್ರಸಂಗಗಳೂ ಕಡಿಮೆಯಾಗುತ್ತವೆ, ಏಕೆಂದರೆ ಬೇಗ ಬಂದ ರೋಗಿಯು ಇನ್ನೂ ಮಾತು ಕೇಳುವ ಸ್ಥಿತಿಯಲ್ಲಿರುತ್ತಾನೆ. ಒಪ್ಪಿಗೆಯೆಂಬುದು ಬಹುಮಟ್ಟಿಗೆ ದೂರದ, ಹೊತ್ತಿನ ಪ್ರಶ್ನೆ.

ಮನಸ್ಸಿನ ರೋಗಗಳನ್ನು ಕುರಿತು ಕನ್ನಡದಲ್ಲಿ ಬರೆದು ಜನರ ಭಯವನ್ನು ಇಳಿಸಿದವರಿಗೆ ಈ ಸಂದರ್ಭದಲ್ಲಿ ವಂದಿಸಬೇಕೆನಿಸುತ್ತದೆ. ‘ರಾಶಿ’ ಎಂಬ ಹೆಸರಿನಿಂದ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು; ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರು ಅಗ್ಗದ ಪುಸ್ತಿಕೆಗಳನ್ನು ಬರೆಬರೆದು ಈ ತಿಳಿವನ್ನು ಹಳ್ಳಿಗಳಿಗೆ ಮುಟ್ಟಿಸಿದರು. ಹೀಗೆ ಸಿದ್ಧವಾದ ಭಾಷೆಯಲ್ಲಿ ಇನ್ನು ಆಗಬೇಕಾದ ಒಂದು ಕೆಲಸವಿದೆ. ಈಗಿನ ಕಾಯಿದೆಯು ವಯಸ್ಕನಾದ ಯಾವನಿಗಾದರೂ ಮುಂಗಡ ನಿರ್ದೇಶನವೆಂಬ ಪತ್ರವೊಂದನ್ನು ಬರೆದಿಡುವ ಹಕ್ಕನ್ನು ಕೊಟ್ಟಿದೆ: ಮುಂದೆ ತನ್ನ ಸಾಮರ್ಥ್ಯ ತಪ್ಪಿದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಆತನು ಅದರಲ್ಲಿ ಹೇಳಬಹುದು. ತುರ್ತು ಚಿಕಿತ್ಸೆಗೆ ಆ ಪತ್ರ ಅಡ್ಡ ಬರುವುದಿಲ್ಲ. ಉಳಿದಂತೆ ಅದನ್ನು ಮೀರಬೇಕಾದರೆ ವೈದ್ಯನಾಗಲಿ ಮನೆಯವರಾಗಲಿ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ಮುಂದೆ ಕಾರಣ ಹೇಳಬೇಕು. ತೆಂಗಳಿಯ ರೈತನೊಬ್ಬನು ಅಂತಹ ಪತ್ರದಲ್ಲಿ ಏನು ಬರೆಸಿಯಾನು? ಕಳೆದ ಸಲ ಕೊಟ್ಟ ಸೂಜಿಯಿಂದ ಕತ್ತು ಸೆಟೆಯಿತು, ಅದು ಬೇಡ, ಬೇರೆ ಕೊಡಿ. ಗಾಣಗಾಪುರಕ್ಕೆ ಒಯ್ಯುವುದಾದರೆ ಒಯ್ಯಿರಿ, ಆದರೆ ಗುಳಿಗೆ ನಿಲ್ಲಿಸಬೇಡಿರಿ, ಕಟ್ಟಬೇಡಿರಿ. ಅಣ್ಣನ ಬದಲು ಅಕ್ಕನನ್ನು ಕೇಳಿರಿ. ಊಟದಲ್ಲಿ ಬೆರೆಸಬೇಡಿರಿ, ಎಷ್ಟು ಬೈದರೂ ಹೇಳಿಯೇ ಕೊಡಿರಿ. ಹೊಲವನ್ನು ಲಾವಣಿಗೆ ಹಾಕುವ ಮುಂಚೆ ನಾನು ಮನೆಗೆ ಬರುವವರೆಗೆ ಕಾಯಿರಿ. ಕೊನೆಯ ಮಾತು ಕಾಯಿದೆಯ ವ್ಯಾಪ್ತಿಯಲ್ಲಿ ಬರಲಾರದು, ಆದರೂ ಬರೆಸಲಿ. ಓದುಬರಹ ಬಾರದವನಿಗೆ ಆಶಾ ಕಾರ್ಯಕರ್ತೆಯೋ ಶಾಲೆಯ ಮಾಸ್ತರರೋ ಬರೆದುಕೊಟ್ಟು ಓದಿ ಹೇಳಬಹುದು. ಪ್ರತಿಗಳು ಮಂಡಳಿಗೂ ತಾಲೂಕು ಆಸ್ಪತ್ರೆಗೂ ನಂಬಿದ ಒಬ್ಬರಿಗೂ ಹೋಗಬೇಕು. ಬರೆಸುವ ಕಾಲ, ರೋಗ ಇಳಿದು ಆತನು ಮತ್ತೆ ಹೊಲಕ್ಕೆ ಹೋಗತೊಡಗಿದ ತಿಂಗಳುಗಳು. ಮರುಕಳಿಸಿದ ಮೇಲೆ ಬರೆಸಿದರೆ, ಬರೆಸುವಾಗ ಅವನಿಗೆ ಸಾಮರ್ಥ್ಯವಿತ್ತೇ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ.